ಒಂಬತ್ತರಲ್ಲಿ ಕೂತ ಸೆಕೆಂಡು

ಮೊದಲು ಹೆಸರು ನೋಡಬೇಡ, ಸುಹೇಬ್.
ಹೆಸರು ಯಾರೂ ಬರೆಯಬಹುದು;
ಮನಾಮದ ಈ ಗಲ್ಲಿಯಲ್ಲೇ ಬರೆದುಕೊಡುವವರು ಮೂವರಿದ್ದಾರೆ.
ಚಾವಿ ಕೊಡುವ ಗುಂಡಿ ಎಲ್ಲಿದೆ, ನೋಡು.
ಮೂರರ ಪಕ್ಕ, ಸರಿ.
ಈಗ ಸೆಕೆಂಡಿನ ಪುಟ್ಟ ಬಟ್ಟಲು ಹುಡುಕು.
ಆರರ ಮೇಲೆ ಇರಬೇಕಾದದ್ದು
ಒಂಬತ್ತರಲ್ಲಿ ಹೋಗಿ ಕೂತಿದೆ,
ಮದುವೆಮನೆಯಲ್ಲಿ ತಪ್ಪು ಪಂಕ್ತಿಗೆ ಕೂತ ನೆಂಟನ ಹಾಗೆ.
ಏಳಿಸಲಾಗುವುದಿಲ್ಲ, ಎಲೆಗೆ ಬಡಿಸಿ ಆಗಿದೆ.

ಇದು ಜೇಬಿನಲ್ಲಿದ್ದ ಗಡಿಯಾರ.
ಅಲ್ಲಿ ಗುಂಡಿ ನೆತ್ತಿಯ ಮೇಲೆ, ಸೆಕೆಂಡು ನೇರ ಕೆಳಗೆ.
ಯಾರೋ ಕಾಲು ಸುತ್ತು ತಿರುಗಿಸಿ ಕೈಗೆ ಕಟ್ಟಿದ್ದಾರೆ.
ಭೂತಗನ್ನಡಿ ಹಾಕು:
ಹನ್ನೆರಡರ ಕೆಳಗೆ ಒರೆಸಿದ ಒಂಬತ್ತರ ನೆರಳಿದೆ.
ಹೊಸ ಅಂಕಿಗೆ ಬಳಿದದ್ದು ದೋಣಿಯ ಕಪ್ಪು ಬಣ್ಣ.
ಮುಳ್ಳು ಕಿತ್ತು ಮತ್ತೆ ಕೂರಿಸಿದ್ದಾರೆ, ಇಕ್ಕಳದ ಹಲ್ಲು ಮೂಡಿದೆ.

ಬಳೆ ಇದ್ದ ಜಾಗ ತಡವು.
ಕುತ್ತಿಗೆಯ ಆಚೆ ಈಚೆ ಎರಡು ಕುಳಿ,
ಓಲೆ ತೆಗೆದಿಟ್ಟು ವರ್ಷಗಳಾದ ಮೇಲೆ
ಕೂಡಿಕೊಂಡ ಕಿವಿಯ ತೂತಿನಂತೆ.

ಪಟ್ಟಿ ಸಿಕ್ಕಿಸುವ ತಂತಿ ಮಾತ್ರ ನನಗೆ ಬಿಡು.
ನಾನು ಹೊನ್ನಾವರದ ಶೇಟ್ ಮನೆಯವನು,
ಅಕ್ಷರಕ್ಕಿಂತ ಮೊದಲು ಬೆಸುಗೆ ಓದಲು ಕಲಿತವನು.
ಇದು ಬಿಳಿಗಾರ ಹಾಕಿ ಊದಿದ್ದಲ್ಲ.
ಸೀಮೆಎಣ್ಣೆ ಡಬ್ಬಿಯ ತೂತು ಮುಚ್ಚುವವನ ತವರ,
ಉಂಡೆ ಉಂಡೆಯಾಗಿ, ನಾಚಿಕೆಯಿಲ್ಲದೆ.

ಏನಂದೆ?
ನಮ್ಮ ಹಾಗೇ ಅಲ್ಲವಾ, ಎಲ್ಲಿಯದೋ ಎಲ್ಲಿಗೋ ಕಟ್ಟಿದ್ದು?
ಸುಮ್ಮನಿರು. ಚಿಮಟ ಕೊಡು.

ಬೆಳಿಗ್ಗೆ ಬಂದಿದ್ದಳಲ್ಲ ಬದ್ರಿಯಾ,
ಏಸಿಯ ನೀರು ತೊಟ್ಟಿಕ್ಕುವ ಕಡೆಯೇ ಸ್ಟೂಲು ಎಳೆದು ಕೂತವಳು,
ಅವಳಿಗೆ ಇಷ್ಟನ್ನೇ ಹೇಳಿದೆ.
ಹುಟ್ಟಾ ಕೈಗಡಿಯಾರವಾದರೆ ಸಾವಿರದ ನೂರು ದಿನಾರ್
ಅಂದಿದ್ದನಂತೆ ಕೊಳ್ಳುವವನು.
ಅಲ್ಲ ತಾಯಿ, ಇದು ಮಾರ್ಪಾಟು. ತೊಂಬತ್ತು ಬಂದರೆ ಹೆಚ್ಚು.
ಅವಳು ಮುಖ ಸಣ್ಣ ಮಾಡಲಿಲ್ಲ.
ಯಾರು ಮಾಡಿದ್ದು, ಎಂದಳು.
ಇಪ್ಪತ್ತೆರಡು ವರ್ಷದಲ್ಲಿ
ಈ ಮೇಜಿನ ಆಚೆಯಿಂದ ಯಾರೂ ಅದನ್ನು ಕೇಳಿರಲಿಲ್ಲ.

ಹಿಂಬದಿಯ ಮುಚ್ಚಳ ಬಿಚ್ಚಿದೆ.
ರಿಪೇರಿಯವರ ಗೀರುಗಳ ನಡುವೆ
ಮೊಳೆಯಲ್ಲಿ ಕೆತ್ತಿದ ಒಂದು ಸಾಲು ಅರಬಿ.
ನನಗೆ ಅಂಕಿ ಬರುತ್ತದೆ, ಬಿಲ್ಲು ಬರುತ್ತದೆ, ಇಂಥದ್ದು ಬಾರದು.
ಅವಳು ಓದಿದಳು, ಎರಡು ಸಲ:
ದಾಯಾಗೆ. ಹಣ ಬೇಡ.

ದಾಯಾ ಅಂದರೆ ಸೂಲಗಿತ್ತಿ, ಸುಹೇಬ್.
ಅವಳಜ್ಜಿ.
ಮುತ್ತಿನ ದೋಣಿಗೆ ಹೋದ ಗಂಡ ಬಿಟ್ಟುಹೋದದ್ದು ಇದೊಂದೇ.
ಕೊರಳಿಗೆ ಹಾಕಿಕೊಂಡರೆ ಬಗ್ಗಿದಾಗೆಲ್ಲ ತೂಗಿ
ಹೆರುವವಳ ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತಂತೆ.
ಜೇಬಿನಲ್ಲಿಟ್ಟರೆ
ಆ ಹೊತ್ತಿನಲ್ಲಿ ಜೇಬಿಗೆ ಹಾಕುವ ಕೈ ಯಾವುದು?
ಎರಡೂ ಕೈ ಒಳಗೆ, ರಕ್ತದಲ್ಲಿ,
ಎರಡು ನೋವಿನ ನಡುವಿನ ಹೊತ್ತು ಎಣಿಸಬೇಕು,
ಲಾಟೀನಿನ ಬೆಳಕಿಗೆ ಮಣಿಕಟ್ಟು ಮಾತ್ರ ಹೊರಗೆ.

ಮುಹರ್ರಕ್‌ನ ಯಾವ ಓಣಿಯ ಡಬ್ಬಿಯವನೋ,
ಅವನ ಮನೆಯಲ್ಲಿ ಆ ರಾತ್ರಿ ಗಂಡೋ ಹೆಣ್ಣೋ,
ಅವಳಿಗೂ ಗೊತ್ತಿಲ್ಲ.

ತಂತಿ ಕಿತ್ತು, ಉಜ್ಜಿ, ಬಳೆ ಹಾಕಿದರೆ
ಮತ್ತೆ ಜೇಬಿನದಾಗುತ್ತದೆ, ನಾನೂರಕ್ಕೆ ಹೋಗಬಹುದು ಅಂದೆ.
ವ್ಯಾಪಾರದ ಬಾಯಿ, ಹೇಳಿಬಿಟ್ಟಿತು.
ಅವಳು ಹಳೆ ಪಟ್ಟಿಯನ್ನು ಕೈಗೆ ಸುತ್ತಿ ನೋಡಿದಳು.
ಕೊನೆಯ ತೂತಿಗೂ ಕೊಂಡಿ ಮುಟ್ಟಲಿಲ್ಲ.
ಇಷ್ಟು ಸಣ್ಣ ಕೈಯಾ, ಎಂದು ನಕ್ಕಳು,
ನಕ್ಕು ಕರವಸ್ತ್ರ ಹುಡುಕಿದಳು.

ಪುಸ್ತಕ ತೆಗೆ, ಬರಿ.
ಸ್ಪ್ರಿಂಗು ಹೊಸತು. ಎಣ್ಣೆ. ಪಟ್ಟಿ ಉದ್ದದ್ದು.
ಬೆಸುಗೆ ಮುಟ್ಟಕೂಡದು, ಅಡಿಗೆರೆ ಎಳೆ.
ಕೂಲಿ ಆರು ದಿನಾರ್.
ಇರು, ಅಳಿಸು. ನಾಲ್ಕು.
ಡಬ್ಬಿಯವನಷ್ಟು ದೊಡ್ಡವನಲ್ಲ ನಾನು,
ಅಂಗಡಿಯ ಬಾಡಿಗೆ ಇದೆ.